ಕೋಳಿಗಳು ದಾಟುತ್ತಿದ್ದ ಕಂಡಿ

"ಇವತ್ತೂ ಮೊಟ್ಟೆ ಇಲ್ಲ. ಇವತ್ತೂ ಅತ್ತೆಗೆ ಹೇಳಲಿಲ್ಲ."

ಅಷ್ಟು ಬರೆದು ಅವಳು ಪೆನ್ಸಿಲ್ ಕೆಳಗಿಟ್ಟಳು. ಯಾರೂ ಓದದ ಡೈರಿಯಲ್ಲೂ ಅವಳ ಅಕ್ಷರ ಸಾಸಿವೆ ಕಾಳಿನಷ್ಟೇ; ಯಾರಾದರೂ ಹೆಗಲ ಮೇಲಿಂದ ಇಣುಕಿದರೆ ಅಂಗೈಯಲ್ಲಿ ಮುಚ್ಚಿಬಿಡುವಷ್ಟು. ಮತ್ತೆ ಪೆನ್ಸಿಲ್ ಎತ್ತಿಕೊಂಡು, ಇನ್ನೂ ಚಿಕ್ಕದಾಗಿ ಸೇರಿಸಿದಳು: "ಕಂಡಿಯ ವಿಷಯವಂತೂ ಬಾಯಿಗೇ ಬರುತ್ತಿಲ್ಲ."

ಆಗಿನ್ನೂ ಬೆಳಗಿನ ಆರೂವರೆ. ಅಡುಗೆಮನೆಯ ಕಿಟಕಿಯ ಸರಳು ಆಗಲೇ ಬೆಚ್ಚಗಾಗಿತ್ತು. ಒಂದು ವಾರದಿಂದ ಹೀಗೇ. ಬೆಳಗಾಗುವುದೇ ಮಧ್ಯಾಹ್ನವಾಗುವುದಕ್ಕೆ ಎಂಬಂತೆ ಬಿಸಿಲು ಹೊತ್ತಿಗೆ ಮುಂಚೆ ಬಂದು ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿತ್ತು.

ಅತ್ತೆ ಅಂದರೆ ಅವಳ ಅಪ್ಪನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು, ಊರಿನ ಜಗಳ, ರಾಜಿ, ಹೆರಿಗೆ, ಸಾವು ಎಲ್ಲವನ್ನೂ ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸಿದವರು. ನಿವೃತ್ತಿಯಾದ ಮೇಲೆ ಯಂತ್ರ ಹೋಯಿತು, ಕಿವಿ ಮಾತ್ರ ಹಾಗೇ ಉಳಿಯಿತು. ಮೂರು ವಾರದ ಹಿಂದೆ ಸ್ಟೂಲ್ ಹತ್ತಿ ಫ್ಯಾನ್ ಒರೆಸಲು ಹೋಗಿ ಬಿದ್ದು ಬಲಗಾಲು ಮುರಿದುಕೊಂಡರು. ಮೊಣಕಾಲಿನವರೆಗೆ ಪ್ಲಾಸ್ಟರ್, ಇನ್ನೂ ಒಂದು ತಿಂಗಳು ಮಂಚ. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳನ್ನು ಅಪ್ಪ, "ಹೋಗಿ ಅತ್ತೆಗೆ ಕೈಕಾಲಾಗಿರು" ಎಂದು ಕಳಿಸಿದ್ದರು. ಕೈಕಾಲಾಗಿರುವುದು ಅವಳಿಗೆ ಕಷ್ಟವಾಗಲಿಲ್ಲ. ಬಾಯಾಗಿರಬೇಕಾಗಿ ಬಂದಾಗಲೇ ತೊಂದರೆ. ಹಾಲಿನವನಿಗೆ ನಾಳೆ ಬೇಡ ಎನ್ನುವುದಕ್ಕೂ ಅವಳು ಹಿಂದಿನ ಸಂಜೆಯಿಂದಲೇ ಮಾತು ಜೋಡಿಸಿಕೊಳ್ಳಬೇಕಿತ್ತು.

ಹಿತ್ತಲಲ್ಲಿ ಐದು ಕೋಳಿ. ಎಲ್ಲವಕ್ಕೂ ಎಕ್ಸ್‌ಚೇಂಜಿನ ಹೆಸರೇ. ಕಂದು ಬಣ್ಣದ, ದಪ್ಪಗಿನ, ಯಾವಾಗಲೂ ತಪ್ಪು ಹುಡುಕುವಂತೆ ಕತ್ತು ತಿರುಗಿಸುವ ಹಿರಿಯಳು ಸೂಪರಿಂಟೆಂಡೆಂಟ್. ಮೊಟ್ಟೆ ಇಟ್ಟ ಮರುಕ್ಷಣ ದೂರದೂರಿನ ಫೋನಿನಲ್ಲಿ ಕಿರುಚುವವರ ಹಾಗೆ ಮೂರು ಬೀದಿಗೆ ಕೇಳುವಂತೆ ಕೂಗುವ ಕರಿ ಕೋಳಿ ಟ್ರಂಕ್‌ಕಾಲ್. ಅತ್ತೆಯ ಮುದ್ದಿನದು ಇದೇ. ಉಳಿದ ಮೂರು ರಾಂಗ್ ನಂಬರ್, ಎಂಗೇಜು, ಡೆಡ್‌ಲೈನು. ಡೆಡ್‌ಲೈನು ಸದಾ ಕಣ್ಣು ಮುಚ್ಚಿಕೊಂಡೇ ಇರುವುದರಿಂದ ಆ ಹೆಸರು.

ಈ ಹಿತ್ತಲಿಗೆ ನೆರಳೆಂದರೆ ಒಂದು ಪಪ್ಪಾಯಿ ಗಿಡ, ಒಂದು ತಗಡಿನ ಕೋಳಿಗೂಡು. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಗೂಡು ಬಾಣಲೆಯಾಗುತ್ತಿತ್ತು. ಆದರೆ ಕೋಳಿಗಳಿಗೆ ಅದರ ಗೊಡವೆ ಇರಲಿಲ್ಲ. ಹಿತ್ತಲ ಪಕ್ಕದ ಗೋಡೆಯ ಬುಡದಲ್ಲಿ ಯಾವಾಗಲೋ ಎರಡು ಕಲ್ಲು ಬಿದ್ದು ಒಂದು ಕಂಡಿಯಾಗಿತ್ತು. ಅದರಾಚೆಗೆ ಪಕ್ಕದ ಮನೆಯ ವಾಚ್ ರಿಪೇರಿಯವರ ಹಿತ್ತಲು. ಅಲ್ಲಿ ಕೊಡೆಯಂತೆ ಹರಡಿದ ಹಿಪ್ಪುನೇರಳೆ ಮರ, ಮರದ ಕೆಳಗೆ ಕೈಪಂಪು, ಪಂಪಿನ ಸುತ್ತ ಸದಾ ಒದ್ದೆ ಮಣ್ಣು. ವರ್ಷಗಳಿಂದ ಕೋಳಿಗಳು ಹತ್ತು ಗಂಟೆಗೆ ಸೂಪರಿಂಟೆಂಡೆಂಟಳ ಹಿಂದೆ ಸಾಲಾಗಿ ಕಂಡಿ ದಾಟಿ ಹೋಗಿ, ಒದ್ದೆ ಮಣ್ಣು ಕೆದರಿ ಹೊಟ್ಟೆ ಊರಿ ಮಲಗಿ, ಬಿಸಿಲಿಳಿದ ಮೇಲೆ ಬರುತ್ತಿದ್ದವು. ಕೆಲಸಕ್ಕೆ ಹೋಗಿಬಂದ ಹಾಗೆ.

ಆ ಕಂಡಿಯನ್ನು ಹನ್ನೊಂದು ದಿನದ ಹಿಂದೆ ಅವಳು ಮುಚ್ಚಿಬಿಟ್ಟಿದ್ದಳು.

ಆವತ್ತು ಬಟ್ಟೆ ಒಣಗಿಸುತ್ತಿದ್ದಳು. ತಂತಿಯ ಮೇಲೆ ಒದ್ದೆ ಬೆಡ್‌ಶೀಟು, ಅದರ ಹಿಂದೆ ಅವಳು, ಗೋಡೆಯಾಚೆ ವಾಚ್‌ನವರು. ಪೇಟೆಯಲ್ಲಿದ್ದ ಅಂಗಡಿ ಬಿಟ್ಟುಕೊಟ್ಟ ಮೇಲೆ ಅವರು ತಮ್ಮ ಹಿಂದಿನ ಜಗಲಿಯಲ್ಲೇ ಮೇಜು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ಅಲ್ಲಿಂದಲೇ ಕೂಗಿ ಹೇಳಿದರು: "ನೋಡಮ್ಮ, ನಿಮ್ಮ ಕರಿ ಕೋಳಿ ಇವತ್ತು ನನ್ನ ಮೇಜಿನ ಕೆಳಗೆ ನುಗ್ಗಿ ಒಂದು ಲೇಡೀಸ್ ವಾಚಿನ ಚಕ್ರಾನೇ ನುಂಗಿಬಿಡ್ತು. ಇನ್ಮೇಲೆ ಟೈಮಿಗೆ ಸರಿಯಾಗಿ ಮೊಟ್ಟೆ ಇಡುತ್ತೆ ಬಿಡು. ಅತ್ತೆಗೆ ಹೇಳು, ವಾರಕ್ಕೊಂದು ಸಲ ಕೀಲಿ ಕೊಡ್ಬೇಕು ಅಂತ."

ಅವರ ಮುಖ ನೋಡಿದ್ದರೆ ನಗು ಕಾಣುತ್ತಿತ್ತು. ಆದರೆ ಅವಳಿಗೂ ಅವರಿಗೂ ನಡುವೆ ಬೆಡ್‌ಶೀಟು ಇತ್ತು. ಅವಳ ಕಿವಿಗೆ ಬಿದ್ದದ್ದು ಇಷ್ಟೇ: ನಿಮ್ಮ ಕೋಳಿ, ನನ್ನ ಮೇಜು, ನುಂಗಿಬಿಟ್ಟಿತು. ನೆಲ ಬಿರಿದು ತನ್ನನ್ನೂ ನುಂಗಬಾರದೇ ಅನ್ನಿಸಿತು. ಯಾರದೋ ವಾಚು, ಯಾರೋ ನಂಬಿ ಕೊಟ್ಟದ್ದು. ಪಾಪ, ಆ ಮನುಷ್ಯ ಇನ್ನೆಷ್ಟು ದಿನದಿಂದ ಸಹಿಸಿಕೊಂಡಿದ್ದಾರೋ. ಮರುಮಾತಾಡದೆ ಒಳಗೆ ಬಂದಳು. ಸಂಜೆ ಕೋಳಿಗಳು ಮರಳಿದ ಮೇಲೆ, ಬಿಚ್ಚಿದ ಎಣ್ಣೆ ಡಬ್ಬದ ತಗಡೊಂದನ್ನು ಕಂಡಿಗೆ ಒರಗಿಸಿ ಮೂರು ಇಟ್ಟಿಗೆ ಎಳೆದು ಒತ್ತಿಟ್ಟಳು. ಯಾರಿಗೂ ಒಂದು ಮಾತು ಹೇಳದೆ ಒಂದು ತಪ್ಪನ್ನು ಸರಿಮಾಡಿದ ಸಮಾಧಾನದಲ್ಲಿ ಆ ದಿನ ಚೆನ್ನಾಗಿಯೇ ನಿದ್ದೆ ಬಂದಿತ್ತು.

ಮರುದಿನ ಹತ್ತು ಗಂಟೆಗೆ ಐದೂ ಕೋಳಿ ತಗಡಿನ ಮುಂದೆ ಸಾಲು ನಿಂತವು. ಸೂಪರಿಂಟೆಂಡೆಂಟ್ ತಗಡನ್ನು ಮೊದಲು ಬಲಗಣ್ಣಿನಲ್ಲಿ, ಆಮೇಲೆ ಎಡಗಣ್ಣಿನಲ್ಲಿ ನೋಡಿ, ಕೊಕ್ಕಿನಿಂದ ಒಂದು ಸಲ ಬಡಿಯಿತು. ಟಣ್.

ನಾಲ್ಕು ದಿನ ಕಳೆಯುವಷ್ಟರಲ್ಲಿ ಬಿಸಿಲು ಏರಿತು. ಅವಳು ಸುಮ್ಮನೆ ಕೂರಲಿಲ್ಲ ಎನ್ನುವುದನ್ನು ಹೇಳಲೇಬೇಕು. ಪಶು ಆಸ್ಪತ್ರೆಯವರು ಯಾವಾಗಲೋ ಹಂಚಿದ್ದ ಕಿರುಪುಸ್ತಕ ಹುಡುಕಿ ತೆಗೆದು ಓದಿದಳು, ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದಳು. ಕಾಳು ಅರಗುವಾಗ ಕೋಳಿಯ ಮೈ ಇನ್ನೂ ಕಾಯುತ್ತದೆ ಎಂದು ತಿಳಿದ ಮೇಲೆ ಮಧ್ಯಾಹ್ನದ ಕಾಳು ನಿಲ್ಲಿಸಿ, ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ ಮಾತ್ರ ಹಾಕಿದಳು. ಪ್ಲಾಸ್ಟಿಕ್ ಬೋಗುಣಿಯ ಬದಲು ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಗಂಟೆಗೊಮ್ಮೆ ಬದಲಿಸಿದಳು. ಕಲ್ಲಂಗಡಿ ಸಿಪ್ಪೆಯನ್ನು ಫ್ರಿಜ್ಜಿನಲ್ಲಿಟ್ಟು ಕೊಟ್ಟಳು. ಹಳೆಯ ಬೆಡ್‌ಶೀಟನ್ನು ಪಪ್ಪಾಯಿ ಗಿಡಕ್ಕೂ ಗೂಡಿಗೂ ಕಟ್ಟಿದಳು; ಗಾಳಿ ಅದನ್ನು ಎರಡು ಸಲ ಬಿಚ್ಚಿಕೊಂಡು ಹೋಯಿತು. ಗೂಡಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಳು. ಒಂದು ಬದಿಗೆ ಬಿಟ್ಟಾಗ ತಂಪಾಯಿತು. ಆ ಹುಮ್ಮಸ್ಸಿನಲ್ಲಿ ನಾಲ್ಕೂ ಬದಿಗೆ ಬಿಟ್ಟಳು. ಗಾಳಿಯಾಡದೆ ಒಳಗೆಲ್ಲ ಹಬೆ ತುಂಬಿ, ಕೋಳಿಗಳು ಸ್ನಾನದ ಮನೆಯಿಂದ ಓಡಿಬಂದವರ ಹಾಗೆ ಹೊರಗೆ ಬಂದು ನಿಂತವು. ಮೂರು ಚೀಲ ತೆಗೆದಳು.

ಎಷ್ಟು ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಕೋಳಿಗಳು ಕೊಕ್ಕು ತೆರೆದುಕೊಂಡು, ರೆಕ್ಕೆಗಳನ್ನು ಮೈಗೆ ತಾಗದ ಹಾಗೆ ಅಗಲಿಸಿಕೊಂಡು, ಪಪ್ಪಾಯಿ ಗಿಡದ ಬಡಕಲು ನೆರಳಿನಲ್ಲಿ ಒಂದರ ಹಿಂದೊಂದು ನಿಲ್ಲುತ್ತಿದ್ದವು. ನೆರಳು ಜರುಗಿದ ಹಾಗೆ ತಾವೂ ಜರುಗುತ್ತಿದ್ದವು. ಮಾಡದೆ ಉಳಿದ ಕೆಲಸ ಒಂದೇ, ಅದೇನೆಂದು ಅವಳಿಗೆ ಗೊತ್ತಿತ್ತು. ಹೇಳದೆ ಮುಚ್ಚಿದ್ದನ್ನು ಹೇಳದೆ ತೆಗೆಯುವುದು ಹೇಗೆ? ಕೇಳಬೇಕು. ಕೇಳಲು ಡೈರಿಯಲ್ಲಿ ಮಾತು ಬರೆದಳು. "ಸ್ವಲ್ಪ ದಿನದ ಮಟ್ಟಿಗೆ ಕಂಡಿ ತೆಗೆಯಲೇ?" ಸ್ವಲ್ಪ ದಿನ ಅಂದರೆ ಎಷ್ಟು ಅಂತ ಕೇಳಿದರೆ? ಅದನ್ನು ಹೊಡೆದುಹಾಕಿದಳು. "ಚಕ್ರದ ವಿಷಯಕ್ಕೆ ಕ್ಷಮಿಸಿ." ಇಷ್ಟು ದಿನ ಆದ ಮೇಲೆಯೇ? ಅದಕ್ಕೂ ಗೀಟು. ನಾಲ್ಕನೆಯ ವಾಕ್ಯ ಚೆನ್ನಾಗಿತ್ತು. ಅದನ್ನು ಬಾಯಿಪಾಠ ಮಾಡಿಕೊಂಡು ಗೋಡೆಯ ತನಕ ಹೋಗಿ, ಆ ಕಡೆ ಕೆಮ್ಮಿದ ಸದ್ದು ಕೇಳಿ, ಇಲ್ಲದ ಬಟ್ಟೆ ತೆಗೆಯುವವಳಂತೆ ಬರಿ ತಂತಿ ಮುಟ್ಟಿ ವಾಪಸು ಬಂದಳು.

ಅಷ್ಟರಲ್ಲಿ ಮೊಟ್ಟೆ ನಿಂತಿತು. ಮಂಚದ ಮೇಲಿನ ಅತ್ತೆ ದಿನಾ ಕೇಳುತ್ತಿದ್ದ ಮೊದಲ ಮಾತೇ, "ಎಷ್ಟು ಬಂತೇ ಮರಿ?" ಕಾಲಿನ ನೋವಿನಲ್ಲಿರುವವರಿಗೆ ಇದೊಂದು ಯಾಕೆ ಎಂದುಕೊಂಡು ಅವಳು ಮೂಲೆ ಅಂಗಡಿಯಿಂದ ಮೂರು ಕಂದು ಮೊಟ್ಟೆ ತಂದು, ಬುಟ್ಟಿಯಲ್ಲಿ ಸ್ವಲ್ಪ ಹುಲ್ಲು ಹಾಕಿ, ತೋರಿಸಿದಳು. ಅತ್ತೆ ನೋಡಿ "ಹೂಂ" ಅಂದರು. ಆ ಹೂಂ ಒಂದು ಥರ ಇತ್ತು. ನಾಲ್ಕು ದಿನದಿಂದ ದಿನಾ ಅಂಗಡಿ ಮೊಟ್ಟೆ, ದಿನಾ ಅದೇ ಹೂಂ.

ಹಾಗೆ ಬಂದದ್ದು ಡೈರಿ ಬರೆದ ಆ ದಿನದ ಮಧ್ಯಾಹ್ನ. ಒಂದು ಗಂಟೆಗೆ ನೀರು ಬದಲಿಸಲು ಹೋದಾಗ ನೆರಳಿನ ಸಾಲಿನಲ್ಲಿ ನಾಲ್ಕೇ ಇದ್ದವು. ಟ್ರಂಕ್‌ಕಾಲ್ ತಗಡಿನ ಮುಂದೆ, ಉರಿಬಿಸಿಲಿನಲ್ಲಿ, ಪಕ್ಕಕ್ಕೆ ವಾಲಿ ಬಿದ್ದಿತ್ತು. ಕೊಕ್ಕು ತೆರೆದೇ ಇತ್ತು, ಕಣ್ಣು ಅರ್ಧ ಮುಚ್ಚಿತ್ತು, ಕೆಂಪಗಿರುತ್ತಿದ್ದ ಜುಟ್ಟು ಮಂಕಾಗಿ ಜೋತಿತ್ತು. ಎತ್ತಿಕೊಂಡರೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ ಹಾಗೆ. ಅವಳ ಜೀವ ಬಾಯಿಗೆ ಬಂತು. ಅಡುಗೆಮನೆಗೆ ಓಡಿಬಂದು ಒಂದು ಕೈಯಲ್ಲಿ ಕೋಳಿ ಹಿಡಿದುಕೊಂಡೇ ಇನ್ನೊಂದರಲ್ಲಿ ಫ್ರಿಜ್ ತೆರೆದು ಐಸಿನ ತಟ್ಟೆಗೆ ಕೈ ಹಾಕಿದಳು.

"ಐಸ್ ಮುಟ್ಬೇಡ," ಕೋಣೆಯಿಂದ ಅತ್ತೆಯ ದನಿ ಬಂತು.

ಅವಳು ಅಲ್ಲೇ ನಿಂತಳು.

"ಟ್ರಂಕ್‌ಕಾಲ್ ತಾನೆ? ಉಸಿರಾಟ ಇಲ್ಲಿಗೇ ಕೇಳಿಸ್ತಿದೆ, ಗರಗಸ ಎಳೆದ ಹಾಗೆ. ಐಸ್ ನೀರು ಹಾಕಿದ್ರೆ ಜೀವ ಥಟ್ ಅಂತ ನಿಂತುಹೋಗುತ್ತೆ. ನಲ್ಲಿ ನೀರೂ ಬೇಡ, ಟ್ಯಾಂಕು ಕಾದಿರುತ್ತೆ. ಬಚ್ಚಲ ಮೂಲೆಯಲ್ಲಿ ಬಿಂದಿಗೆ ಇದೆಯಲ್ಲ, ಆ ನೀರು ಟಬ್ಬಿಗೆ ಹಾಕ್ಕೊಂಡು ಇಲ್ಲಿಗೆ ಬಾ."

ಅವಳು ಟಬ್ಬು ತಂದು ಮಂಚದ ಪಕ್ಕ, ಫ್ಯಾನಿನ ಕೆಳಗೆ ಇಟ್ಟಳು. ಅತ್ತೆ ಪ್ಲಾಸ್ಟರಿನ ಕಾಲನ್ನು ಪಕ್ಕಕ್ಕೆ ಸರಿಸಿಕೊಂಡು ಬಗ್ಗಿ ನೋಡಿದರು.

"ಕಾಲು ಮೊದಲು ಮುಳುಗಿಸು. ಹಾಂ. ಈಗ ಹೊಟ್ಟೆ. ರೆಕ್ಕೆ ಎತ್ತಿ ಅದರ ಕೆಳಗೆ ನೀರು ಹೋಗೋ ಹಾಗೆ ಮಾಡು. ಕತ್ತಿನಿಂದ ಮೇಲೆ ಬೇಡ. ನೀರೆಲ್ಲ ಯಾಕೆ ಚೆಲ್ತಿದ್ದೀಯ? ಕೋಳಿ ಹೆದರ್ಕೊಂಡಿಲ್ಲ, ನೀನು ಹೆದರ್ಕೊಂಡಿದ್ದೀಯ."

ಟ್ರಂಕ್‌ಕಾಲ್ ನೀರಿನಲ್ಲಿ ಒಮ್ಮೆ ಕಾಲು ಆಡಿಸಿತು. ಅವಳು ಬೆರಳ ತುದಿಯಿಂದ ಕೊಕ್ಕಿಗೆ ಹನಿ ತಾಗಿಸಿದಳು, ನುಂಗಲಿಲ್ಲ. ಇನ್ನೊಂದು ಹನಿ. ಗಂಟಲು ಅಲುಗಿತು.

"ಅಂಗಡಿ ಮೊಟ್ಟೆ ನಾಳೆಯಿಂದ ತರ್ಬೇಡ," ಅತ್ತೆ ಅದೇ ದನಿಯಲ್ಲಿ ಹೇಳಿದರು.

ಅವಳು ಮತ್ತೊಂದು ಹನಿ ಕೊಕ್ಕಿಗೆ ತಾಗಿಸಿದಳು.

"ಮೊಟ್ಟೆ ಇಟ್ಟ ಕೋಳಿ ಊರಿಗೆಲ್ಲ ಡಂಗುರ ಹೊಡೆಯುತ್ತೆ. ಅದರಲ್ಲೂ ಇವಳು. ನಾಲ್ಕು ದಿನದಿಂದ ನಮ್ಮನೇಲಿ ಡಂಗುರ ಇಲ್ದೆ ಮೊಟ್ಟೆ ಬರ್ತಿದೆ. ಬುಟ್ಟಿಗೆ ಹುಲ್ಲು ಹಾಕಿದ್ಯಲ್ಲ, ಅದು ಚೆನ್ನಾಗಿತ್ತು. ನಗು ತಡ್ಕೊಳ್ಳೋಕೆ ಕಷ್ಟ ಆಯ್ತು."

ಅವಳ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಬೈಗುಳವಿಲ್ಲ, ಏನಿಲ್ಲ. ಇನ್ನೊಂದು ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಅದನ್ನೂ ಈಗಲೇ ಇಳಿಸಿಬಿಡೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಫ್ಯಾನು ನಿಧಾನವಾಗಿ, ನಿಧಾನವಾಗಿ, ನಿಂತಿತು. ಕರೆಂಟು ಹೋಗಿತ್ತು.

ಐದೇ ನಿಮಿಷಕ್ಕೆ ಕೋಣೆಯ ಗಾಳಿ ದಪ್ಪಗಾಯಿತು. ಟ್ರಂಕ್‌ಕಾಲ್ ಮತ್ತೆ ಗರಗಸ ಎಳೆಯಲು ಶುರುಮಾಡಿತು. "ಈ ಹೊತ್ತಿಗೆ ಆ ಮರದ ಕೆಳಗೆ ಇರ್ಬೇಕಿತ್ತು," ಅಂದರು ಅತ್ತೆ, ಗೋಡೆಯ ಕಡೆ ನೋಡುತ್ತಾ. "ಎಂಥಾ ಮನುಷ್ಯ. ಇಪ್ಪತ್ತು ವರ್ಷದಿಂದ ಬರ್ತಿದ್ದ ಕೋಳಿಗಳಿಗೆ ಕಂಡಿ ಮುಚ್ಚಿಬಿಟ್ಟ. ಒಂದು ಮಾತು ಹೇಳ್ಬೇಕು ಬೇಡ್ವಾ?"

ಅವಳ ಕೈ ನೀರಿನಲ್ಲೇ ನಿಂತಿತು.

"ಸಂಜೆ ಇಟ್ಟಿಗೆ ಎಳೆದ ಸದ್ದು ಕೇಳಿಸ್ತು. ಮಾರನೇ ದಿನ ತಗಡಿನ ಸದ್ದು. ನನಗೆ ಗೊತ್ತಾಗಲ್ವಾ? ಆವತ್ತಿನಿಂದ 'ಆಪರೇಟರಮ್ಮ, ಕಾಲು ಹೇಗಿದೆ' ಅನ್ನೋ ಕೂಗೂ ನಿಂತಿದೆ. ನಾನು ಮಲಗಿದ್ದೀನಿ ಅಂತ ಗೊತ್ತಿದ್ದೂ ಮುಚ್ಚಿದ. ಅವನ ಬಾಗಿಲಿಗೆ ನಾನಂತೂ ಹೋಗಲ್ಲ." ಯಾವಾಗಲೂ ವಾಚ್‌ನವರು, ವಾಚ್‌ನವರು ಎನ್ನುತ್ತಿದ್ದ ಅತ್ತೆಯ ಬಾಯಲ್ಲಿ ಅವರು ಅವನಾಗಿದ್ದು ಅವಳು ಕೇಳಿದ್ದು ಇದೇ ಮೊದಲು. ತನ್ನ ಒಂದು ತಗಡು ಕೋಳಿಗಳ ದಾರಿಯನ್ನಷ್ಟೇ ಮುಚ್ಚಿರಲಿಲ್ಲ. ಇಪ್ಪತ್ತು ವರ್ಷದ ಮಾತುಕತೆಯೂ ಅದರ ಹಿಂದೆ ಸಿಕ್ಕಿಕೊಂಡಿತ್ತು.

"ಅತ್ತೆ," ಅಂದಳು.

ಅತ್ತೆ ಕೋಳಿಯನ್ನು ನೋಡಿದರು. ಅದರ ಕತ್ತು ಟಬ್ಬಿನ ಅಂಚಿಗೆ ಒರಗಿತ್ತು. ನೋಡುತ್ತಾ ನೋಡುತ್ತಾ ಅವರ ಮುಖದ ಬಿಗಿ ಸಡಿಲವಾಯಿತು. "ಹೋಗು. ತಗೊಂಡು ಹೋಗಿ ಮರದ ಕೆಳಗೆ ಇಟ್ಟು ಬಾ. ನನ್ನ ಮಾನಕ್ಕಿಂತ ಇದರ ಜೀವ ದೊಡ್ಡದು. ಆದ್ರೆ ಅವನ ಹತ್ರ ಮಾತಾಡ್ಬೇಡ."

ಮಾತಾಡದೆ ಬರುವುದು ಅವಳಿಗೆ ಯಾರಾದರೂ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ.

ಒದ್ದೆ ಟವೆಲಿನಲ್ಲಿ ಕೋಳಿ ಸುತ್ತಿಕೊಂಡು, ಬರಿಗಾಲಿನಲ್ಲೇ ಬೀದಿಗಿಳಿದು, ಪಕ್ಕದ ಗೇಟು ತೆರೆದು, ಮನೆಯ ಬದಿಯಿಂದ ಹಿಂದಕ್ಕೆ ಓಡಿದಳು. ವಾಚ್‌ನವರು ಮೇಜಿನ ಮೇಲೆ ಬಗ್ಗಿದ್ದರು. ಭೂತಗನ್ನಡಿಯ ದೊಡ್ಡ ಕಣ್ಣಿನಿಂದಲೇ ಒಮ್ಮೆ ಅವಳನ್ನು, ಒಮ್ಮೆ ಟವೆಲನ್ನು ನೋಡಿ, ಕನ್ನಡಿ ತೆಗೆದಿಟ್ಟು ಎದ್ದರು. ಕೈಪಂಪು ನಾಲ್ಕು ಸಲ ಒತ್ತಿ ಮಣ್ಣು ನೆನೆಸಿ, ಕಾಲಿನಿಂದ ಸಣ್ಣ ಗುಂಡಿ ಮಾಡಿ, "ಇಲ್ಲಿ ಕೂರಿಸು" ಅಂದರು.

ಮರದ ಕೆಳಗೆ ಗಾಳಿ ಬೇರೆಯೇ ಇತ್ತು. ಅವಳು ಕೂರಿಸಿದಳು. ಅವರು ಹಳೆಯ ಕ್ಯಾಲೆಂಡರಿನ ರಟ್ಟು ತಂದು ಕುಕ್ಕರಗಾಲಿನಲ್ಲಿ ಕೂತು ಬೀಸತೊಡಗಿದರು.

"ನನಗೆ ಸ್ಪ್ರಿಂಗ್ ಹೋದ್ರೆ ಗೊತ್ತಾಗುತ್ತೆ, ಮುಳ್ಳು ನಿಂತ್ರೆ ಗೊತ್ತಾಗುತ್ತೆ. ಇದು ಎಲ್ಲಿ ನಿಂತಿದೆಯೋ," ಅಂದರು. ಸ್ವಲ್ಪ ಹೊತ್ತು ಬೀಸಿ, "ಅಗೋ ನೋಡು, ಕಂಡಿ ಹತ್ರ," ಎಂದು ಗದ್ದದಿಂದ ತೋರಿಸಿದರು. ಗೋಡೆಯ ಈ ಕಡೆ, ತಗಡಿನ ಬೆನ್ನಿಗೆ ತಾಗಿದ ಹಾಗೆ, ಒಂದು ಅಗಲ ಬೋಗುಣಿ ತುಂಬ ನೀರು. "ದಿನಾ ತುಂಬಿಸಿ ಇಡ್ತಿದ್ದೀನಿ. ಇವತ್ತು ತೆಗೆಯಬಹುದು, ನಾಳೆ ತೆಗೆಯಬಹುದು ಅಂತ. ಕಾಗೆಗಳು ಕುಡಿದು ದಪ್ಪ ಆದವು."

ಅವಳು ಬೋಗುಣಿಯನ್ನೇ ನೋಡಿದಳು.

"ತಪ್ಪು ನಂದೇ ಬಿಡು. ಆ ಚಕ್ರ ನನ್ನ ಪ್ಯಾಂಟಿನ ಮಡಿಕೆಯಲ್ಲೇ ಸಿಕ್ತು. ಕೋಳಿ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ. ತಮಾಷೆಗೆ ಅಂದದ್ದು ಆಪರೇಟರಮ್ಮನಿಗೆ ನಾಟಿಬಿಡ್ತು. ನಿಮ್ಮ ಕಡೆಯಿಂದ ಮುಚ್ಚಿದ್ದನ್ನ ನಾನು ತೆಗೆಯೋದು ಸರಿಯಲ್ಲ ಅಂತ ಸುಮ್ಮನಿದ್ದೆ. ಕಾಲಿನ ವಿಷಯ ಕೇಳೋಕೂ ಧೈರ್ಯ ಬರ್ಲಿಲ್ಲ."

ಅಲ್ಲ, ಅತ್ತೆಯಲ್ಲ. ಅಷ್ಟು ಹೇಳಿದರೆ ಸಾಕಿತ್ತು. ಅತ್ತೆ ಮಾತಾಡಬೇಡ ಅಂದಿದ್ದಾರಲ್ಲ ಎಂದು ಒಂದು ನೆವ ಸಿಕ್ಕಿದ್ದಕ್ಕೆ ಅವಳಿಗೆ ಒಳಗೊಳಗೇ ನಾಚಿಕೆಯಾಯಿತು. ಆ ನಾಚಿಕೆಯನ್ನು ನುಂಗಿ ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ, ಟ್ರಂಕ್‌ಕಾಲ್ ಕೊಕ್ಕು ಮುಚ್ಚಿತು.

ಅದೊಂದು ಸಣ್ಣ ಸಂಗತಿ. ಅಷ್ಟು ಹೊತ್ತಿನಿಂದ ತೆರೆದೇ ಇದ್ದ ಕೊಕ್ಕು ಮುಚ್ಚಿತು, ಅಷ್ಟೇ. ಆಮೇಲೆ ಕಣ್ಣು ಪೂರ್ತಿ ತೆರೆಯಿತು. ಕತ್ತೆತ್ತಿ ಮರ ನೋಡಿತು, ರಟ್ಟು ನೋಡಿತು. ಎದ್ದು ನಿಂತು, ಎರಡು ಹೆಜ್ಜೆ ತೂರಾಡಿ, ಮೈಯೆಲ್ಲ ಒಮ್ಮೆ ಕೊಡವಿತು. ಕೆಸರು ನೀರು ಇಬ್ಬರ ಮುಖಕ್ಕೂ ಸಿಡಿಯಿತು.

"ನಡೀತು ನೋಡು," ವಾಚ್‌ನವರು ಮುಖ ಒರೆಸಿಕೊಳ್ಳುತ್ತಾ ಅಂದರು, ವಾಚಿಗೆ ಹೇಳುವ ದನಿಯಲ್ಲೇ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು; ಎರಡನ್ನೂ ಟವೆಲಿನಲ್ಲಿ ಒರೆಸಿಕೊಂಡಳು. ಹೋದ ಜೀವ ಬಂದಂತಾಗಿತ್ತು, ಕೋಳಿಗೋ ತನಗೋ ಹೇಳುವುದು ಕಷ್ಟ. ಕೋಳಿಯನ್ನು ಅವರ ಸುಪರ್ದಿಗೆ ಬಿಟ್ಟು ಮನೆಗೆ ಓಡಿ, ಹಿತ್ತಲಿಗೆ ಹೋಗಿ, ಇಟ್ಟಿಗೆ ಎಳೆದು ತಗಡು ಕಿತ್ತು ಬಿಸಾಕಿದಳು. ಸೂಪರಿಂಟೆಂಡೆಂಟ್ ಕಂಡಿಯನ್ನು ಒಂದೊಂದು ಕಣ್ಣಿನಲ್ಲಿ ಪರಿಶೀಲಿಸಿ, ಇಷ್ಟು ತಡವಾದದ್ದಕ್ಕೆ ಕಾರಣ ಕೇಳುವವಳಂತೆ ಅವಳನ್ನು ನೋಡಿ, ಮೊದಲು ದಾಟಿತು. ಹಿಂದೆ ರಾಂಗ್ ನಂಬರ್, ಎಂಗೇಜು. ಡೆಡ್‌ಲೈನು ಕಣ್ಣು ಬಿಟ್ಟುಕೊಂಡೇ ಹೋಯಿತು.

ಒಳಗಿನಿಂದ ಅತ್ತೆ ಕೂಗಿದರು: "ತಗಡು ತೆಗೆದ ಸದ್ದು ಅಲ್ವೇನೇ ಅದು? ಕೊನೆಗೂ ಬುದ್ಧಿ ಬಂತಾ ಅವನಿಗೆ?"

ಅವಳು "ಟ್ರಂಕ್‌ಕಾಲ್ ಎದ್ದು ನಿಂತಿತು ಅತ್ತೆ" ಅಂದಳು. ಅದೂ ನಿಜವೇ, ಆದರೆ ಕೇಳಿದ್ದಕ್ಕೆ ಉತ್ತರವಲ್ಲ. ಅತ್ತೆ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು. ಸೆಕೆ ಇತ್ತು, ಬೆವರೂ ಇರಬಹುದು.

ಮುಂದಿನ ಎರಡು ದಿನ ಬಿಸಿಲೇನೂ ಇಳಿಯಲಿಲ್ಲ. ಆದರೆ ಹತ್ತು ಗಂಟೆಯಾದರೆ ಹಿತ್ತಲು ಖಾಲಿ. ಅವಳು ಗೂಡಿನ ತಗಡಿನ ಮೇಲೆ ತೆಂಗಿನ ನಾರು, ಒಣಹುಲ್ಲು ಹರಡಿ, ಅದರ ಮೇಲೆ ನೀರು ಚಿಮುಕಿಸಿದಳು. ಸಂಜೆ ಕೋಳಿಗಳು ಬರುವ ಹೊತ್ತಿಗೆ ಗೂಡಿನೊಳಗೆ ಕೈಯಿಟ್ಟರೆ ತಣ್ಣಗಿರುತ್ತಿತ್ತು. ಡೈರಿಯಲ್ಲಿ ಬರೆದಳು: "ಐದೂ ಚೆನ್ನಾಗಿವೆ. ಇಬ್ಬರು ಮಾತ್ರ ಇನ್ನೂ ಮಾತಾಡುತ್ತಿಲ್ಲ. ಮೂವರು."

ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಪಕ್ಕದ ಹಿತ್ತಲಿನಿಂದ ಒಂದು ಕೂಗು ಎದ್ದಿತು. ಕೊಕ್ಕೊಕ್ಕೊಕ್ಕೋ ಎಂದು ಶುರುವಾಗಿ, ಉಸಿರು ಎಳೆದುಕೊಂಡು, ಮತ್ತೆ ಮೊದಲಿನಿಂದ ಶುರುವಾಗಿ, ನಿಲ್ಲುವ ಯೋಚನೆಯೇ ಇಲ್ಲದಂತೆ ಮೂರು ಬೀದಿಗೆ ಹಬ್ಬಿತು.

ಅತ್ತೆ ಓದುತ್ತಿದ್ದ ಪೇಪರ್ ಕೆಳಗಿಟ್ಟರು. "ಬಂತು ನೋಡು ಟ್ರಂಕ್‌ಕಾಲ್," ಅಂದರು. ಮೂರು ವಾರದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

ಹತ್ತು ನಿಮಿಷಕ್ಕೆ ಕೋಣೆಯ ಕಿಟಕಿಯಾಚೆ ಯಾರೋ ಗಂಟಲು ಸರಿಮಾಡಿಕೊಂಡರು. ವಾಚ್‌ನವರು. ಕೈಯಲ್ಲಿ ಹತ್ತಿ ಹಾಸಿದ ವಾಚಿನ ಡಬ್ಬಿ, ಡಬ್ಬಿಯಲ್ಲಿ ಒಂದು ಮೊಟ್ಟೆ. "ನನ್ನ ಮೇಜಿನ ಕೆಳಗೆ ಇಟ್ಟಿದೆ, ಆಪರೇಟರಮ್ಮ. ಹನ್ನೊಂದಕ್ಕೆ ಸರಿಯಾಗಿ," ಎನ್ನುತ್ತಾ ಸರಳಿನ ನಡುವೆ ಚಾಚಿದರು. "ನಿಮ್ಮ ಕೋಪ ಇಳೀತಲ್ಲ, ಅದೇ ಸಂತೋಷ."

ಅವಳು ಅತ್ತೆಗೆ ನೀರು ತಂದಿದ್ದಳು. ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

"ನನ್ನ ಕೋಪವಾ?" ಅತ್ತೆ ಮೊಟ್ಟೆ ತೆಗೆದುಕೊಂಡರು, ಡಬ್ಬಿ ವಾಪಸು ಕೊಟ್ಟರು. "ನನಗ್ಯಾಕೆ ಕೋಪ? ಕಂಡಿ ಮುಚ್ಚಿದವರು ನೀವು."

"ನಾನಾ?"

"ಮತ್ತೆ? ನಾನು ಪ್ಲಾಸ್ಟರ್ ಹೊತ್ಕೊಂಡು ಹೋಗಿ ಇಟ್ಟಿಗೆ ಜೋಡಿಸಿದ್ನಾ?"

"ಇಟ್ಟಿಗೆ ನಿಮ್ಮ ಕಡೆ ಇದ್ದದ್ದು, ಆಪರೇಟರಮ್ಮ."

"ಕಿವಿಯಲ್ಲಿ ಕೇಳಿದ್ದೀನಿ ನಾನು. ಎಳೆದ ಸದ್ದೂ ಕೇಳಿದ್ದೀನಿ, ತೆಗೆದ ಸದ್ದೂ ಕೇಳಿದ್ದೀನಿ. ಮೂವತ್ತೊಂದು ವರ್ಷ ಈ ಕಿವಿ ಒಂದು ಲೈನ್ ತಪ್ಪು ಸೇರಿಸಿಲ್ಲ."

ವಾಚ್‌ನವರು ಮಂಚದ ಮೇಲೆ ಚಾಚಿದ ಬಿಳಿ ಕಾಲನ್ನು ನೋಡಿದರು. ಡಬ್ಬಿಯ ಮುಚ್ಚಳವನ್ನು ಒಂದು ಸಲ ತೆಗೆದು, ಒಂದು ಸಲ ಹಾಕಿದರು. ಆಮೇಲೆ, ಸೋತವರಂತಲ್ಲ, ಭಾರ ಎತ್ತಲು ಒಪ್ಪಿಕೊಂಡವರಂತೆ, "ಆಗ್ಲಿ ಬಿಡಿ," ಅಂದರು. "ನಾನೇ ಮುಚ್ಚಿದೆ ಅಂತ ಇಟ್ಕೊಳ್ಳಿ. ತಪ್ಪಾಯ್ತು. ಕಾಲು ಹೇಗಿದೆ?"

ಅತ್ತೆಯ ಮುಖ ಅರಳಿತು. ರಾಜಿ ಆಗೇಹೋಯಿತು, ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಮಾತು ಕಾಲಿನ ಕಡೆ ಹೊರಳಿ, ಕೋಳಿಯ ಕಡೆ ಹೊರಳಿ, ಎಲ್ಲ ಮೊದಲಿನಂತೆ ಆಗುತ್ತಿತ್ತು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಕಿಟಕಿಯಾಚೆ ಆ ಮನುಷ್ಯ ಮಾಡದ ತಪ್ಪನ್ನು ಹೊತ್ತುಕೊಂಡು, ಬಿಸಿಲಿನಲ್ಲಿ, ಖಾಲಿ ಡಬ್ಬಿ ಹಿಡಿದು ನಗುತ್ತಾ ನಿಂತಿದ್ದರು. ಈ ಸಲ ನಡುವೆ ಬೆಡ್‌ಶೀಟು ಇರಲಿಲ್ಲ. ಅವರ ನಗು ಅವಳಿಗೆ ಪೂರ್ತಿ ಕಾಣುತ್ತಿತ್ತು.

ಅವಳು ಲೋಟವನ್ನು ಸ್ಟೂಲಿನ ಮೇಲೆ ಇಟ್ಟಳು. ಮಾತು ಜೋಡಿಸಿಕೊಳ್ಳಲಿಲ್ಲ. ಜೋಡಿಸಿಕೊಳ್ಳುವಷ್ಟು ದೊಡ್ಡದೂ ಆಗಿರಲಿಲ್ಲ ಅದು.

"ಕಂಡಿ ಮುಚ್ಚಿದ್ದು ನಾನು," ಅಂದಳು.